ಪೀಟರನ ಕುದುರೆಯನ್ನು ಬಂಡೆಯಿಂದ ಮೇಲಕ್ಕೆ ನೋಡುವುದು

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ನೆವಾ ನದಿಯ ದಡದ ಸೆನೆಟ್ ಚೌಕದಲ್ಲಿ, ಒಂದು ಕಂಚಿನ ಕುದುರೆ ಮುಂಗಾಲೆತ್ತಿ ನಿಂತಿದೆ. ಮೇಲೆ ಕೂತವನು ಆ ಊರನ್ನು ಕಟ್ಟಿಸಿದ ಮೊದಲನೇ ಪೀಟರ್. ಅಶ್ವಾರೂಢ ಪ್ರತಿಮೆಗಳ ಮಾತು ಎಲ್ಲಿ ಬಂದರೂ ಇದರ ಹೆಸರು ಬಂದೇ ಬರುತ್ತದೆ. ಬರೆದವರೆಲ್ಲ ಕುದುರೆಯ ನೆಗೆತವನ್ನು, ಸವಾರನ ಚಾಚಿದ ಕೈಯನ್ನು ಕೊಂಡಾಡುತ್ತಾರೆ. ಚಿತ್ರದುರ್ಗದವರು ಮಾತ್ರ ಇದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು ಎಂಬುದು ನಮ್ಮ ವಾದ. ಮೊದಲು ಬಂಡೆ, ಆಮೇಲೆ ಹಾವು, ಬಾಲ, ಹಿಂಗಾಲು. ಸವಾರ ಕೊನೆಗೆ. ಈ ಪ್ರತಿಮೆ ಏನು ಹೇಳುತ್ತಿದೆ ಅನ್ನುವುದು ಅದರ ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಅನ್ನುವುದರಲ್ಲೇ ಇದೆ. ಕಲ್ಲಿನ ಭಾರ ಎಂದರೇನೆಂದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಕಾಲವೂ ನಮಗೆ ಪರಿಚಯದ್ದೇ. ಶಿಲ್ಪಿ ಎತಿಯೆನ್ ಮೋರಿಸ್ ಫಾಲ್ಕೊನೆ ಪ್ಯಾರಿಸಿನಿಂದ ರಷ್ಯಾಕ್ಕೆ ಬಂದದ್ದು 1766ರಲ್ಲಿ. ಪ್ರತಿಮೆಯ ಅನಾವರಣವಾದದ್ದು 1782ರ ಆಗಸ್ಟಿನಲ್ಲಿ. ಇಲ್ಲಿ ಕೊನೆಯ ಮದಕರಿ ನಾಯಕರು ಆಳಿದ್ದು 1754ರಿಂದ 1779ರವರೆಗೆ. ಅಂದರೆ ಅಲ್ಲಿ ಬಂಡೆ ಎಳೆಯುತ್ತಿದ್ದಾಗ, ಕಂಚು ಕರಗಿಸುತ್ತಿದ್ದಾಗ, ಇಲ್ಲಿ ಏಳು ಸುತ್ತಿನ ಕೋಟೆ ಇನ್ನೂ ನಾಯಕರ ಕೈಯಲ್ಲಿತ್ತು. 1779ರಲ್ಲಿ ಕೋಟೆ ಹೈದರಾಲಿಯ ವಶವಾಗುವ ಹೊತ್ತಿಗೆ ಫಾಲ್ಕೊನೆ ಆಗಲೇ ರಷ್ಯಾ ಬಿಟ್ಟು ಹೊರಟುಹೋಗಿದ್ದ.

ಪೀಠದ ಬಂಡೆ ಸಿಕ್ಕಿದ್ದು ಲಾಹ್ತಾ ಎಂಬಲ್ಲಿ, ಫಿನ್ಲೆಂಡ್ ಕೊಲ್ಲಿಯಿಂದ ಸುಮಾರು 6 ಕಿಲೋಮೀಟರ್ ಒಳಗೆ. ಸೆಮ್ಯೋನ್ ವಿಷ್ನ್ಯಾಕೊವ್ ಎಂಬ ರೈತ ಅದನ್ನು ತೋರಿಸಿಕೊಟ್ಟ. ಸಿಡಿಲು ಬಡಿದು ಬಿರುಕು ಬಿಟ್ಟಿದೆ ಎಂದು ಸುತ್ತಲಿನವರು ಅದನ್ನು ಸಿಡಿಲು ಬಂಡೆ ಎಂದೇ ಕರೆಯುತ್ತಿದ್ದರು. ಜೌಗು ನೆಲದಲ್ಲಿ ಅರ್ಧ ಹೂತುಕೊಂಡಿದ್ದ ಆ ಗ್ರಾನೈಟ್ ಬಂಡೆಯ ಅಳತೆ 7 ಮೀಟರ್, 14 ಮೀಟರ್, 9 ಮೀಟರ್. ಈ ಮೂರನ್ನೂ ಗುಣಿಸಿದರೆ 882 ಘನ ಮೀಟರ್ ಆಗುತ್ತದೆ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.65 ಟನ್ ತೂಗುತ್ತದೆ. ಚೌಕ ಪೆಟ್ಟಿಗೆಯಂತೆ ಇದ್ದಿದ್ದರೆ 2,300 ಟನ್ ದಾಟಬೇಕಿತ್ತು. ಬಂಡೆಗೆ ಮೂಲೆಗಳಿರುವುದಿಲ್ಲವಾದ್ದರಿಂದ ಸುಮಾರು 1,500 ಟನ್ ಎಂದು ಲೆಕ್ಕ ಹಿಡಿದಿದ್ದಾರೆ.

ಈ ಲೆಕ್ಕವನ್ನು ಕೋಟೆಯ ಬಂಡೆಗಳ ಮೇಲೂ ಹಾಕಿ ನೋಡಬಹುದು. ದುಂಡನೆಯ ಗುಂಡು ಸಿಕ್ಕರೆ ಸುತ್ತಳತೆ ಟೇಪಿನಲ್ಲಿ ಹಿಡಿಯಿರಿ, 3.14ರಿಂದ ಭಾಗಿಸಿದರೆ ಅಡ್ಡಳತೆ ಬಂತು. ಅಡ್ಡಳತೆ 3 ಮೀಟರ್ ಇರುವ ಗುಂಡು 14 ಘನ ಮೀಟರ್ ಆಗುತ್ತದೆ, ತೂಕ 37 ಟನ್ ಚಿಲ್ಲರೆ. ಸಿಡಿಲು ಬಂಡೆಯಷ್ಟು ತೂಗಬೇಕಾದರೆ ಗುಂಡಿನ ಅಡ್ಡಳತೆ 10 ಮೀಟರ್ ದಾಟಬೇಕು. ಅಡ್ಡಳತೆ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ ಅನ್ನುವುದನ್ನು ಮರೆತವರೇ ಕಲ್ಲು ಸಾಗಿಸುವಾಗ ಲಾರಿಯ ಪಟ್ಟಿ ಮುರಿದುಕೊಳ್ಳುವುದು.

ಆದರೆ ಹುಟ್ಟಿನಲ್ಲಿ ಆ ಬಂಡೆಗೂ ನಮ್ಮ ಬಂಡೆಗಳಿಗೂ ಸಂಬಂಧವಿಲ್ಲ. ದುರ್ಗದ ಗುಂಡುಗಳು ಇದ್ದ ಜಾಗದಲ್ಲೇ ಆದವು. ನೆಲದೊಳಗಿದ್ದ ಗ್ರಾನೈಟಿನ ಸೀಳುಗಳಿಗೆ ನೀರಿಳಿದು, ಮೂಲೆಗಳು ಮೊದಲು ಕೊಳೆತು, ಮೆತ್ತಗಾದ ಭಾಗವೆಲ್ಲ ಮಳೆಗೆ ತೊಳೆದುಹೋಗಿ, ಗಟ್ಟಿ ತಿರುಳು ದುಂಡಗಾಗಿ ಉಳಿಯಿತು. ಅದಕ್ಕೇ ನಮ್ಮಲ್ಲಿ ಒಂದರ ಮೇಲೊಂದು ಪೇರಿಸಿದಂತೆ ಕಾಣುವ ಬಂಡೆಗಳು. ಸಿಡಿಲು ಬಂಡೆಯದು ಹಾಗಲ್ಲ. ಅದು ಹಿಮಯುಗದಲ್ಲಿ ಹಿಮನದಿ ಹೊತ್ತು ತಂದು, ಮಂಜು ಕರಗಿದಾಗ ಬಿಟ್ಟುಹೋದ ಪರವೂರ ಕಲ್ಲು.

ಕೋಟೆ ಕಟ್ಟಿದವರು ಬಂಡೆಯನ್ನು ಎದುರಿಸಿದ ರೀತಿಯೂ ಬೇರೆ. ಬಂಡೆಗಳ ಮೈಮೇಲೆ ಹೊಲಿಗೆ ಹಾಕಿದಂತೆ ಸಾಲಾಗಿ ಇರುವ ಚೌಕ ಗುಂಡಿಗಳನ್ನು ಕೋಟೆ ಹತ್ತಿದವರೆಲ್ಲ ನೋಡಿರುತ್ತಾರೆ. ಚಾಣದಲ್ಲಿ ಗುಂಡಿ ಕೊರೆದು, ಬೆಣೆ ಬಡಿದು, ಸಾಲಿನುದ್ದಕ್ಕೂ ಕಲ್ಲನ್ನು ಸೀಳುವ ವಿದ್ಯೆ ಅದು. ದೊಡ್ಡದನ್ನು ಸಾಗಿಸಲು ಹೋಗದೆ, ಬೇಕಾದಷ್ಟನ್ನು ಒಡೆದುಕೊಂಡು, ಉಳಿದ ಬಂಡೆಯನ್ನೇ ಗೋಡೆಯ ಭಾಗ ಮಾಡಿಕೊಂಡರು. ಕಲ್ಲಿನ ಕೆಲಸದಲ್ಲಿ ಇದಕ್ಕಿಂತ ಜಾಣತನದ ದಾರಿ ಇನ್ನೊಂದಿಲ್ಲ. ರಷ್ಯಾದ ರಾಣಿ ಎರಡನೇ ಕ್ಯಾಥರೀನಳಿಗೆ ಜಾಣತನದ ದಾರಿ ಬೇಕಿರಲಿಲ್ಲ. ಇಡೀ ಬಂಡೆಯೇ ರಾಜಧಾನಿಗೆ ಬರಬೇಕಿತ್ತು. ಆಗುವುದಿಲ್ಲ ಅನ್ನುವಂಥದ್ದು ಆಯಿತು ಎಂದು ಯುರೋಪಿಗೆ ತೋರಿಸುವುದೇ ಪ್ರತಿಮೆಯ ಮೊದಲ ಅರ್ಥವಾಗಿತ್ತು.

ಸಾಗಿಸುವ ಹೊಣೆ ಹೊತ್ತವನು ಮರಿನೋಸ್ ಕಾರ್ಬುರಿಸ್, ಗ್ರೀಸಿನ ಕೆಫಲೋನಿಯಾ ದ್ವೀಪದವನು, ರಷ್ಯಾದ ಸೇನೆಯಲ್ಲಿ ಅಧಿಕಾರಿ. ಅವನ ಉಪಾಯದ ತಿರುಳು ಕಂಚಿನ ಗುಂಡುಗಳು. ಒಂದೊಂದರ ಅಡ್ಡಳತೆ ಸುಮಾರು 13.5 ಸೆಂಟಿಮೀಟರ್. ನೆಲದ ಮೇಲೆ ದಪ್ಪ ತೊಲೆಗಳ ಜೋಡಿ ಹಳಿ, ತೊಲೆಯ ಮೇಲ್ಮೈಯಲ್ಲಿ ತೋಡಿದ ಕಾಲುವೆ, ಕಾಲುವೆಗೆ ಲೋಹದ ಹೊದಿಕೆ. ಬಂಡೆ ಕೂತ ಚೌಕಟ್ಟಿನ ಅಡಿಯಲ್ಲೂ ಅಂಥದೇ ಕಾಲುವೆ, ಬೋರಲಾಗಿ. ಎರಡರ ನಡುವೆ ಗುಂಡುಗಳು ಉರುಳುತ್ತಿದ್ದವು. ಇವತ್ತು ಬೈಕಿನ ಚಕ್ರದಿಂದ ಫ್ಯಾನಿನವರೆಗೆ ಎಲ್ಲೆಲ್ಲೂ ಇರುವ ಬಾಲ್ ಬೇರಿಂಗ್ ಇದೇ ತತ್ವದ್ದು.

ಮರದ ಉರುಳೆ ಹಾಕಿದ್ದರೆ ಯಾಕೆ ಆಗುತ್ತಿರಲಿಲ್ಲ? ಉರುಳೆ ದಾರಿಗೆ ನೇರ ಅಡ್ಡಲಾಗಿಯೇ ಇರಬೇಕು. ಒಂದು ತುದಿ ಸ್ವಲ್ಪ ಮುಂದೆ ಹೋದರೂ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಸಾವಿರ ಟನ್ನಿನ ಕೆಳಗೆ ಕಚ್ಚಿದ ಉರುಳೆಯನ್ನು ಬಿಡಿಸುವುದು ಹಾರೆಗೋಲಿಗೆ ಆಗುವ ಕೆಲಸವಲ್ಲ, ಅದು ಅಲ್ಲೇ ಜಜ್ಜಿಹೋಗುತ್ತದೆ. ಗುಂಡಿಗೆ ಓರೆ ಎಂಬುದೇ ಇಲ್ಲ, ಕಾಲುವೆ ಹೇಳಿದ ದಿಕ್ಕಿಗೆ ಉರುಳುತ್ತದೆ. ಆದರೆ ಗುಂಡು ತಾಗುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ, ಇಡೀ ಭಾರ ಆ ಚುಕ್ಕೆಯ ಮೇಲೆ. ಎರಕದ ಕಬ್ಬಿಣ ಗಟ್ಟಿಯಾದರೂ ಪೆಳಸು, ಅಂಥ ಒತ್ತಡಕ್ಕೆ ಸಿಡಿಯುತ್ತದೆ. ತಾಮ್ರಕ್ಕೆ ಬೇರೆ ಲೋಹ ಬೆರೆಸಿದ ಗುಂಡು ಕೊಂಚ ತಗ್ಗಿ ಭಾರವನ್ನು ಅಗಲಕ್ಕೆ ಹಂಚಿಕೊಳ್ಳುತ್ತದೆ. ಕಾರ್ಬುರಿಸ್ ಕಬ್ಬಿಣ ಬಿಟ್ಟು ಅದನ್ನೇ ಆರಿಸಿಕೊಂಡದ್ದು ಈ ಕಾರಣಕ್ಕೆ.

ಜೌಗು ನೆಲ ಬೇಸಿಗೆಯಲ್ಲಿ ಇಷ್ಟು ಭಾರ ತಡೆಯುವುದಿಲ್ಲ. 1769ರ ಚಳಿಗಾಲದಲ್ಲಿ ನೆಲ ಕಲ್ಲಿನಂತೆ ಹೆಪ್ಪುಗಟ್ಟುವವರೆಗೂ ಕಾದು ಹೊರಟರು. ಸುತ್ತಲೂ ಮಣ್ಣು ಅಗೆದು, ಸನ್ನೆ ಮತ್ತು ಹಗ್ಗದಿಂದ ಬಂಡೆಯನ್ನು ಚೌಕಟ್ಟಿನ ಮೇಲೆ ಮಗುಚಿಕೊಂಡರು. ಪ್ರಾಣಿಗಳನ್ನು ಕಟ್ಟದೆ, ಸುಮಾರು 400 ಜನ ರಾಟೆಗಂಬಗಳನ್ನು ಸುತ್ತಿ ಎಳೆದರು. ಇಷ್ಟು ಭಾರಕ್ಕೆ ಪ್ರಾಣಿಗಳಿಗಿಂತ ಮನುಷ್ಯರೇ ವಾಸಿ, ಏಕೆಂದರೆ ತಮಟೆಯ ಒಂದೇ ಪೆಟ್ಟಿಗೆ ಎಲ್ಲರೂ ಒಟ್ಟಿಗೆ ನಿಲ್ಲಬಲ್ಲರು. ಬಂಡೆಯ ನೆತ್ತಿಯ ಮೇಲೆ ನಗಾರಿ ಬಾರಿಸುವವರು ನಿಂತು ಸನ್ನೆ ಕೊಡುವುದು ಆ ಕಾಲದ ಚಿತ್ರಗಳಲ್ಲಿ ಕಾಣುತ್ತದೆ. ಹಳಿಯ ತುಂಡುಗಳನ್ನು ಹಿಂದಿನಿಂದ ಬಿಚ್ಚಿ ತಂದು ಮುಂದೆ ಹಾಸುತ್ತಾ ಹೋಗಬೇಕು. ಎಲ್ಲ ಸರಿಯಿದ್ದ ದಿನ ಬಂಡೆ ಸಾಗಿದ್ದು ಹೆಚ್ಚೆಂದರೆ 150 ಮೀಟರ್. ಅದು ಸಾಗುತ್ತಿದ್ದಾಗಲೇ ಮೇಲೆ ಕಲ್ಲುಕುಟಿಗರು ಚಾಣ ಹಿಡಿದು ಕೆತ್ತುತ್ತಿದ್ದರು. 1770ರ ಜನವರಿಯಲ್ಲಿ ಕ್ಯಾಥರೀನ್ ಖುದ್ದಾಗಿ ಬಂದು ನೋಡಿದಳು. ಈ ಸಾಹಸದ ನೆನಪಿಗೆ ಪದಕವೊಂದನ್ನೂ ಹಾಕಿಸಿದಳು.

ದಡ ಮುಟ್ಟಿದ ಮೇಲೆ ಇನ್ನೊಂದು ಕಷ್ಟ. ಇದಕ್ಕೆಂದೇ ಕಟ್ಟಿದ ಚಪ್ಪಟೆ ದೋಣಿಗೆ ನೀರು ತುಂಬಿಸಿ ತಳಕ್ಕೆ ಕೂರಿಸಿ, ಬಂಡೆಯನ್ನು ಮೇಲಕ್ಕೆ ಜರುಗಿಸಿ, ಆಮೇಲೆ ನೀರು ಎತ್ತಿಹಾಕಿದರೆ ದೋಣಿ ತಾನೇ ಏಳಬೇಕು. ಬಂಡೆ ಕೂತದ್ದು ನಟ್ಟನಡುವೆ. ಹೀಗಾಗಿ ಎರಡು ತುದಿ ಮೇಲೆದ್ದವು, ನಡು ಏಳಲಿಲ್ಲ, ಹಲಗೆಗಳ ಸಂದು ಬಿಟ್ಟವು. ನಡುವಿನ ಭಾರವನ್ನು ಊರೆಮರ ಕೊಟ್ಟು ತುದಿಗಳವರೆಗೆ ಹಂಚಿದ ಮೇಲೆಯೇ ದೋಣಿ ಸಮನಾಗಿ ತೇಲಿತು. ಅದು ಮಗುಚದಂತೆ ಎರಡು ಬದಿಗೆ ಎರಡು ಹಡಗು ಕಟ್ಟಿಕೊಂಡು ಬಂದರು. 1770ರ ಸೆಪ್ಟೆಂಬರಿನಲ್ಲಿ ಬಂಡೆ ಊರು ಸೇರಿತು.

ಇಷ್ಟೆಲ್ಲ ಪಾಡುಪಟ್ಟು ತಂದ ಕಲ್ಲನ್ನು ಫಾಲ್ಕೊನೆ ಕೆತ್ತಿಸಿ ಕೆತ್ತಿಸಿ ಸಣ್ಣದು ಮಾಡಿದ ಎಂದು ಆಗಲೇ ಗೊಣಗಿದವರಿದ್ದರು. ಆದರೆ ಅವನ ಕಣ್ಣು ಸರಿಯಾಗಿತ್ತು. ದೊಡ್ಡ ಬೆಟ್ಟದ ಮೇಲೆ ಕುದುರೆ ಇಟ್ಟರೆ ಜನ ಬೆಟ್ಟ ನೋಡುತ್ತಾರೆ. ಈಗಿರುವ ಪೀಠ ಸುಮಾರು 7 ಮೀಟರ್ ಎತ್ತರ, ಕಂಚಿನ ಭಾಗ ಸುಮಾರು 6 ಮೀಟರ್. ಹಿಂದಿನಿಂದ ಇಳಿಜಾರಾಗಿ ಏರಿ, ಮುಂದೆ ಒಮ್ಮೆಲೇ ಕಡಿದು ನಿಲ್ಲುವ ಅಲೆಯ ಆಕಾರ ಅದಕ್ಕಿದೆ. ಕಡಲ ದಾರಿ ಹುಡುಕಿ ಹೊರಟು ಊರು ಕಟ್ಟಿದ ದೊರೆಗೆ ಕಲ್ಲಿನ ಅಲೆ. ಅದೇ ಕಲ್ಲು ಅವನು ಹತ್ತಿ ಗೆದ್ದ ಕಷ್ಟವೂ ಹೌದು.

ಈಗ ಕುದುರೆ. ಫಾಲ್ಕೊನೆ ಬಂಡೆಯ ಇಳಿಜಾರಿಗೆ ಸರಿಯಾಗಿ ಒಂದು ದಿಬ್ಬ ಕಟ್ಟಿಸಿ, ಅರಮನೆಯ ಲಾಯದ ಕುದುರೆಗಳನ್ನು ಸವಾರರಿಂದ ಮತ್ತೆಮತ್ತೆ ದಿಬ್ಬ ಹತ್ತಿಸಿ, ತುದಿಯಲ್ಲಿ ಮುಂಗಾಲೆತ್ತುವ ಕ್ಷಣವನ್ನು ಗೆರೆಗಳಲ್ಲಿ ಹಿಡಿದ. ಜೀವಂತ ಕುದುರೆ ಆ ಭಂಗಿಯಲ್ಲಿ ಒಂದೆರಡು ಸೆಕೆಂಡು ನಿಂತೀತು. ಕಂಚಿನದು ನೂರಾರು ವರ್ಷ ನಿಲ್ಲಬೇಕು.

ಎರಡು ಹಿಂಗಾಲು ಎಂದರೆ ನೆಲ ಮುಟ್ಟುವ ಎರಡು ಚುಕ್ಕೆ. ಎರಡು ಚುಕ್ಕೆಯ ನಡುವೆ ಬರುವುದು ಒಂದು ಗೆರೆ ಮಾತ್ರ, ಗೆರೆಯ ಮೇಲೆ ಯಾವುದೂ ಗಟ್ಟಿಯಾಗಿ ನಿಲ್ಲದು. ಮೂರನೇ ಚುಕ್ಕೆ ಸೇರಿದರೆ ತ್ರಿಕೋನವಾಯಿತು. ಇಡೀ ಪ್ರತಿಮೆಯ ಭಾರದ ನಡುಬಿಂದುವಿನಿಂದ ತೂಗುಗುಂಡು ಇಳಿಬಿಟ್ಟರೆ ಅದು ಆ ತ್ರಿಕೋನದೊಳಗೆ ಬೀಳಬೇಕು, ಆಗ ಮಾತ್ರ ನಿಲುವು. ಪೀಟರನ ಕುದುರೆ ತುಳಿಯುತ್ತಿರುವ ಹಾವು ಇರುವುದು ಇದಕ್ಕೆ. ಹಾವಿನ ಮೈ ಸುರುಳಿಯಾಗಿ ಎದ್ದು ಕುದುರೆಯ ಬಾಲಕ್ಕೆ ತಾಗುತ್ತದೆ, ಬಾಲದ ಭಾರ ಹಾವಿನ ಮೂಲಕ ಬಂಡೆಗೆ ಇಳಿಯುತ್ತದೆ. ಆ ಹಾವನ್ನು ಮಾಡಿದವನು ಫ್ಯೋದರ್ ಗೊರ್ದೇಯೆವ್ ಎಂಬ ರಷ್ಯಾದ ಶಿಲ್ಪಿ.

ಹಾವೆಂದರೆ ದ್ರೋಹ, ಹೊಟ್ಟೆಕಿಚ್ಚು, ಪೀಟರನ ಸುಧಾರಣೆಗೆ ಅಡ್ಡ ಬಂದವರು ಎಂದು ಎಲ್ಲ ವಿವರಣೆಗಳೂ ಹೇಳುತ್ತವೆ. ಸರಿಯೇ. ಆದರೆ ತುಳಿಸಿಕೊಂಡ ಆ ಶತ್ರುವನ್ನು ಅಲ್ಲಿಂದ ತೆಗೆದರೆ ಸವಾರನ ನಿಲುವಿಗೇ ಧಕ್ಕೆ ಎಂಬುದನ್ನೂ ಕೂಡಿಸಿಕೊಂಡು ನೋಡಿ. ನಮ್ಮ ಮಟ್ಟಿಗೆ ಈ ಪ್ರತಿಮೆಯಲ್ಲಿ ಇದಕ್ಕಿಂತ ಆಳದ ಅರ್ಥ ಬೇರೆ ಇಲ್ಲ.

ಸಮತೂಕಕ್ಕೆ ಇನ್ನೊಂದು ಉಪಾಯ ಕಣ್ಣಿಗೆ ಕಾಣುವುದಿಲ್ಲ. ಮುಂಭಾಗದ ಕಂಚು ತೀರಾ ತೆಳು, ಕೆಲವೆಡೆ 1 ಸೆಂಟಿಮೀಟರಿಗಿಂತ ಕಡಿಮೆ. ಹಿಂಭಾಗ ದಪ್ಪ, ಅದರೊಳಗೆ ಕಬ್ಬಿಣದ ಭಾರ ಬೇರೆ. ಹೀಗೆ ನಡುಬಿಂದುವನ್ನು ಹಿಂದಕ್ಕೆ ಎಳೆದಿದ್ದಾರೆ.

ಈ ಒಗಟನ್ನು ಒಂದೊಂದು ಕಾಲದವರು ಒಂದೊಂದು ರೀತಿ ಬಿಡಿಸಿದ್ದಾರೆ. ರೋಮಿನ ಮಾರ್ಕಸ್ ಅರೇಲಿಯಸ್ ಪ್ರತಿಮೆಯಲ್ಲಿ (ಕ್ರಿ.ಶ. 175ರ ಆಸುಪಾಸು) ಕುದುರೆ ಎತ್ತಿರುವುದು ಒಂದೇ ಕಾಲು, ಉಳಿದ ಮೂರು ನೆಲದಲ್ಲಿ. ಪಾದುವಾದಲ್ಲಿ ದೊನತೆಲ್ಲೊ 1453ರಲ್ಲಿ ಮುಗಿಸಿದ ಗತ್ತಮೆಲಾತ ಎಂಬ ದಂಡನಾಯಕನ ಕುದುರೆಯ ಎತ್ತಿದ ಗೊರಸಿನ ಕೆಳಗೆ ಒಂದು ಗುಂಡು ಇದೆ. ನೋಡುವವರಿಗೆ ಅದು ಫಿರಂಗಿಯ ಗುಂಡು, ಎರಕದವರಿಗೆ ಊರುಗಂಬ. ವೆನಿಸ್‌ನ ಕೊಲ್ಲಿಯೋನಿ ಪ್ರತಿಮೆಯಲ್ಲಿ ವೆರೊಕ್ಕಿಯೊ ಆ ಗುಂಡನ್ನೂ ತೆಗೆದು ಕಾಲನ್ನು ಗಾಳಿಗೆ ಬಿಟ್ಟ. ಎರಡೂ ಮುಂಗಾಲೆತ್ತಿದ ದೊಡ್ಡ ಕುದುರೆ ಬರುವುದಕ್ಕೆ 1640 ಆಗಬೇಕಾಯಿತು. ಪಿಯೆತ್ರೊ ತಕ್ಕಾ ಮಾಡಿದ, ಸ್ಪೇನಿನ ದೊರೆ ನಾಲ್ಕನೇ ಫಿಲಿಪನ ಪ್ರತಿಮೆ ಅದು, ಮ್ಯಾಡ್ರಿಡ್‌ನಲ್ಲಿದೆ. ಹಿಂಭಾಗ ಗಟ್ಟಿ, ಮುಂಭಾಗ ಟೊಳ್ಳು ಮಾಡುವ ಉಪಾಯ ಹೇಳಿಕೊಟ್ಟವನು ಗೆಲಿಲಿಯೊ ಎಂಬ ಮಾತಿದೆ. ವಾಷಿಂಗ್ಟನ್ನಿನಲ್ಲಿ ಕ್ಲಾರ್ಕ್ ಮಿಲ್ಸ್ 1853ರಲ್ಲಿ ನಿಲ್ಲಿಸಿದ ಆಂಡ್ರ್ಯೂ ಜಾಕ್ಸನ್ ಪ್ರತಿಮೆ ಬಾಲದ ಆಸರೆಯೂ ಇಲ್ಲದೆ ಎರಡೇ ಹಿಂಗಾಲಿನ ಮೇಲಿದೆ.

ನಮ್ಮ ಕಡೆಯ ಶಿಲ್ಪಿಗಳ ಕೈಯಲ್ಲಿದ್ದದ್ದು ಕಲ್ಲು. ಬಗ್ಗುವ ಭಾರವನ್ನು ಕಲ್ಲು ತಡೆಯದು, ಚಾಚಿದ ಕಾಲು ಬುಡದಲ್ಲೇ ಕಡಿದುಬೀಳುತ್ತದೆ. ಶ್ರೀರಂಗದ ಶೇಷರಾಯರ ಮಂಟಪದ ಕಂಬಗಳಲ್ಲಿ ಮುಂಗಾಲೆತ್ತಿದ ಕುದುರೆಗಳನ್ನು ನೋಡಿ. ಕುದುರೆಯ ಮೈ ಹಿಂದಿನ ಕಂಬಕ್ಕೆ ಅಂಟಿಕೊಂಡಿದೆ, ಎತ್ತಿದ ಕಾಲುಗಳ ಕೆಳಗೆ ಕಾದಾಡುವ ಆಳುಗಳು, ಮೃಗಗಳು. ಅವೆಲ್ಲ ಅಲಂಕಾರದಂತೆ ಕಂಡರೂ ಭಾರ ಹೊರುತ್ತಿವೆ. ವೀರಗಲ್ಲುಗಳಲ್ಲಿ ಕುದುರೆ ಹಲಗೆಯಿಂದ ಮುಂದಕ್ಕೆ ಬಾರದೆ ಉಬ್ಬುಚಿತ್ರವಾಗಿಯೇ ಉಳಿಯುವುದಕ್ಕೂ ಕಲ್ಲಿನ ಈ ಸ್ವಭಾವ ಒಂದು ಕಾರಣ.

ಎರಕದ ಕೆಲಸಕ್ಕೆ ಬರೋಣ. ಕ್ರಮ ಸ್ಥೂಲವಾಗಿ ಹೀಗೆ. ಮೊದಲು ಪೂರ್ತಿ ಗಾತ್ರದ ಮಾದರಿ, ಅದರ ಮೇಲಿಂದ ತುಂಡುತುಂಡಾಗಿ ಅಚ್ಚು. ಅಚ್ಚಿನ ಒಳಮೈಗೆ ಕಂಚು ಎಷ್ಟು ದಪ್ಪ ಬೇಕೋ ಅಷ್ಟೇ ದಪ್ಪ ಮೇಣ. ಮೇಣದೊಳಗೆ ಕಬ್ಬಿಣದ ಅಸ್ಥಿಪಂಜರ ನಿಲ್ಲಿಸಿ ಮಣ್ಣಿನ ಗರ್ಭ ತುಂಬುತ್ತಾರೆ. ಮೇಣದ ಮೈಗೆ ಲೋಹ ಹರಿಯುವ ಕೊಳವೆಗಳು, ಗಾಳಿ ಹೊರಹೋಗುವ ಕೊಳವೆಗಳು. ಅವೂ ಮೇಣದವೇ. ಹೊರಗಿನಿಂದ ನುಣ್ಣನೆಯ ಮಣ್ಣು ಪದರ ಪದರವಾಗಿ ಬಳಿದು, ಕಬ್ಬಿಣದ ಪಟ್ಟಿ ಬಿಗಿದು, ಗುಂಡಿಯಲ್ಲಿಟ್ಟು ಬೇಯಿಸಿದರೆ ಮೇಣ ಕರಗಿ ಹರಿದು ಹೋಗಿ ಆ ಜಾಗ ಖಾಲಿ ಉಳಿಯುತ್ತದೆ. ಖಾಲಿ ಜಾಗಕ್ಕೆ ಕಂಚು. ಪ್ರತಿಮೆಯ ಕಂಚಿಗೆ ಸಾಮಾನ್ಯವಾಗಿ ನೂರಕ್ಕೆ 90 ಪಾಲು ತಾಮ್ರ, 10 ಪಾಲು ತವರ. ಹೊಯ್ಯುವಾಗ ಬಿಸಿ 1,100 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. (ತಾಮ್ರ ಎಂದಾಗ ದುರ್ಗದವರಿಗೆ ಇಂಗಳದಾಳು ಗಣಿ ನೆನಪಾಗದೆ ಇರದು.)

ಕೆಡುವುದು ಎಲ್ಲೆಲ್ಲಿ? ಅಚ್ಚಿನಲ್ಲಿ ತೇವ ಉಳಿದಿದ್ದರೆ ಅದು ಹಬೆಯಾಗಿ ಸಿಡಿಯುತ್ತದೆ. ಗಾಳಿ ಕೊಳವೆ ಕಡಿಮೆಯಾದರೆ ಒಳಗೆ ಸಿಕ್ಕಿಬಿದ್ದ ಗಾಳಿ ಕಂಚಿನ ಮೈಯಲ್ಲಿ ತೂತಾಗಿ ಉಳಿಯುತ್ತದೆ. ಹೊಯ್ಯುವುದು ನಡುವೆ ನಿಂತರೆ ಮೊದಲು ಇಳಿದ ಕಂಚು ಕೆನೆಗಟ್ಟಿ, ಆಮೇಲೆ ಬಂದ ಕಂಚು ಅದಕ್ಕೆ ಬೆಸೆಯುವುದಿಲ್ಲ. ಅಲ್ಲಿ ಕಣ್ಣಿಗೆ ಕಾಣದ ಸೀಳು ಉಳಿದು, ಮುಂದೆಂದೋ ಅಲ್ಲೇ ಮುರಿಯುತ್ತದೆ. ಅಚ್ಚು ಬಿರಿದರಂತೂ ಮುಗಿಯಿತು.

1775ರಲ್ಲಿ ಪೀಟರನ ಎರಕದಲ್ಲಿ ಆದದ್ದು ಈ ಕೊನೆಯದು. ಹೊಯ್ಯುತ್ತಿದ್ದಾಗಲೇ ಅಚ್ಚು ಒಡೆದು ಕರಗಿದ ಕಂಚು ಹೊರಗೆ ಚೆಲ್ಲಿತು, ಕಾರ್ಖಾನೆಗೆ ಬೆಂಕಿ ಹತ್ತಿತು. ಉಳಿದವರು ಓಡಿದಾಗ ಯೆಮೆಲ್ಯಾನ್ ಖೈಲೊವ್ ಎಂಬ ಎರಕದವನು ಜಾಗ ಬಿಡದೆ ನಿಂತು ಕೆಲಸ ಉಳಿಸಿದ. ಕೆಳಭಾಗ ಚೆನ್ನಾಗಿಯೇ ಬಂದಿತ್ತು. ಮೇಲ್ಭಾಗ, ಸವಾರನ ಮತ್ತು ಕುದುರೆಯ ತಲೆಗಳ ಕಡೆ, ಕೆಟ್ಟಿತ್ತು. ಅಷ್ಟನ್ನು ತೆಗೆದುಹಾಕಿ 1777ರಲ್ಲಿ ಎರಡನೇ ಎರಕ ಹೊಯ್ದರು. ನಿಲುವಂಗಿಯ ಮಡಿಕೆಯೊಂದರಲ್ಲಿ ತಾನೇ ರೂಪಿಸಿ ತಾನೇ ಎರಕ ಹೊಯ್ದೆ ಎಂದು ಫಾಲ್ಕೊನೆ 1778ರ ಇಸವಿ ಹಾಕಿ ಬರೆಸಿಕೊಂಡ. ಖೈಲೊವನ ಹೆಸರೂ ಅಲ್ಲಿರಬೇಕಿತ್ತು.

ಸವಾರನ ತಲೆ ಫಾಲ್ಕೊನೆಯ ಕೈಕೆಲಸವಲ್ಲ. ಅವನು ಮಾಡಿದ ತಲೆಗಳು ಕ್ಯಾಥರೀನಳಿಗೆ ಒಪ್ಪಿಗೆಯಾಗಲಿಲ್ಲ. ಅವನ ಶಿಷ್ಯೆ ಮಾರಿ ಆನ್ ಕೊಲ್ಲೊ, 18ರ ವಯಸ್ಸಿನಲ್ಲಿ ಅವನ ಜೊತೆ ರಷ್ಯಾಕ್ಕೆ ಬಂದವಳು, ಪೀಟರನ ಮರಣದ ಮುಖವಾಡವನ್ನು ಎದುರಿಗಿಟ್ಟುಕೊಂಡು ಮಾಡಿದ ತಲೆ ಒಪ್ಪಿತವಾಯಿತು. ನಗರದ ಅತಿ ಪ್ರಸಿದ್ಧ ಮುಖ ಆಕೆಯ ಕೈಕೆಲಸ.

ಸವಾರನ ಉಡುಗೆಯಲ್ಲಿ ರೋಮಿನ ಕವಚವಿಲ್ಲ, ರಷ್ಯಾದ ಸೇನಾ ಸಮವಸ್ತ್ರವೂ ಇಲ್ಲ. ಯಾವ ಕಾಲಕ್ಕೂ ಸಲ್ಲುವ ಸಡಿಲ ನಿಲುವಂಗಿ, ತಲೆಗೆ ಗೆಲುವಿನ ಎಲೆಮಾಲೆ, ಸೊಂಟದಲ್ಲಿ ಕತ್ತಿ. ಜೀನಿನ ಬದಲು ಕರಡಿಯ ಚರ್ಮ, ಪಳಗಿಸಿದ ಕಾಡುತನದ ಗುರುತಾಗಿ. ಕತ್ತಿ ಒರೆಯಲ್ಲೇ ಇದೆ, ಬಲಗೈ ಬರಿದಾಗಿ ಮುಂದಕ್ಕೆ ಚಾಚಿದೆ. ಗೆದ್ದವನ ಕೈ ಎನ್ನುವುದಕ್ಕಿಂತ ಶಾಸನ ಕೊಡುವವನ, ಕಾಪಾಡುವವನ ಕೈಯಾಗಿ ಅದನ್ನು ತೋರಿಸುವುದು ಫಾಲ್ಕೊನೆಯ ಉದ್ದೇಶ. ಜೀನು, ರಿಕಾಪು ಬಿಡುವುದು ಶಿಲ್ಪಿಗಳ ಹಳೆಯ ಪರಿಪಾಠವೇ. ಮದ್ರಾಸಿನಲ್ಲಿ 1839ರಲ್ಲಿ ನಿಲ್ಲಿಸಿದ ಥಾಮಸ್ ಮನ್ರೋ ಪ್ರತಿಮೆಗೂ ಎರಡೂ ಇಲ್ಲ. ಬಳ್ಳಾರಿ ಸೀಮೆಯಲ್ಲಿ ಕಲೆಕ್ಟರನಾಗಿದ್ದ ಅದೇ ಮನ್ರೋ. ಶಿಲ್ಪಿ ಚಾಂಟ್ರಿ ಮರೆತುಬಿಟ್ಟ ಎಂಬ ಕಥೆಯನ್ನು ನಂಬಬೇಡಿ, ಲಂಡನ್ನಿನ ನಾಲ್ಕನೇ ಜಾರ್ಜ್ ಪ್ರತಿಮೆಯನ್ನೂ ಅವನು ಹಾಗೆಯೇ ಮಾಡಿದ್ದಾನೆ.

ಪೀಠದ ಮೇಲಿನ ಬರಹ ತೀರಾ ಚಿಕ್ಕದು. ಒಂದು ಬದಿ ಲ್ಯಾಟಿನ್, ಇನ್ನೊಂದು ಬದಿ ರಷ್ಯನ್: ಮೊದಲನೇ ಪೀಟರನಿಗೆ ಎರಡನೇ ಕ್ಯಾಥರೀನ್, 1782. ಕ್ಯಾಥರೀನ್ ಹುಟ್ಟಿನಿಂದ ಜರ್ಮನ್. 1762ರಲ್ಲಿ ಗಂಡನನ್ನು ಕೆಳಗಿಳಿಸಿ ಸಿಂಹಾಸನ ಏರಿದವಳು, ಪೀಟರನ ರಕ್ತಸಂಬಂಧ ಆಕೆಗಿರಲಿಲ್ಲ. ಮೊದಲು, ಎರಡು ಎಂಬ ಆ ಎಣಿಕೆಯೇ ಆಕೆಯ ಹಕ್ಕುಪತ್ರ: ಅವನ ನಂತರದವಳು ನಾನು. ಮಗ ಪೌಲ್ ಪಟ್ಟಕ್ಕೆ ಬಂದ ಮೇಲೆ ಇದಕ್ಕೆ ಉತ್ತರ ಕೊಟ್ಟ. ಹಿರಿಯ ರಾಸ್ತ್ರೆಲ್ಲಿ ಬಹಳ ಹಿಂದೆ ಮಾಡಿಟ್ಟಿದ್ದ, ಕ್ಯಾಥರೀನ್ ಮೂಲೆಗೆ ಹಾಕಿದ್ದ ಪೀಟರನ ಇನ್ನೊಂದು ಕುದುರೆ ಪ್ರತಿಮೆಯನ್ನು ತನ್ನ ಅರಮನೆಯ ಮುಂದೆ ನಿಲ್ಲಿಸಿ, ಮುತ್ತಜ್ಜನಿಗೆ ಮರಿಮಗ, 1800 ಎಂದು ಬರೆಸಿದ. ಒಂದೇ ಊರಿನಲ್ಲಿ ಒಬ್ಬನೇ ದೊರೆಯ ಎರಡು ಕುದುರೆಗಳು, ಎರಡು ವಂಶಾವಳಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಲೇಬೇಕು. ಕುದುರೆ ಎರಡು ಕಾಲೆತ್ತಿದ್ದರೆ ಸವಾರ ಯುದ್ಧದಲ್ಲಿ ಸತ್ತವನು, ಒಂದೆತ್ತಿದ್ದರೆ ಗಾಯದಿಂದ ಸತ್ತವನು, ನಾಲ್ಕೂ ನೆಲದಲ್ಲಿದ್ದರೆ ಸಹಜ ಸಾವು ಎಂಬ ಸಂದೇಶ ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಪೀಟರ್ 1725ರಲ್ಲಿ ಮೂತ್ರಕೋಶದ ಕಾಯಿಲೆಯಿಂದ ಹಾಸಿಗೆಯಲ್ಲಿ ಸತ್ತ. ನಾಲ್ಕನೇ ಫಿಲಿಪ್ ಸತ್ತದ್ದು ಕಾಯಿಲೆಯಿಂದ, ಜಾಕ್ಸನ್ ಸತ್ತದ್ದು ತನ್ನ ಮನೆಯಲ್ಲಿ. ಮೂವರ ಕುದುರೆಯೂ ಎರಡು ಕಾಲೆತ್ತಿದೆ. ಎತ್ತಿದ ಕಾಲು ಹೇಳುವುದು ಶಿಲ್ಪಿಯ ಧೈರ್ಯವನ್ನು, ಕೊಟ್ಟ ಹಣವನ್ನು, ಎರಕದವರ ಕೈಚಳಕವನ್ನು. ಹುಬ್ಬಳ್ಳಿಯ ಚೆನ್ನಮ್ಮನ ಮುಂದೆ, ಬೆಂಗಳೂರಿನ ಬಸವಣ್ಣನವರ ಮುಂದೆ ನಿಂತು ಮಕ್ಕಳಿಗೆ ಈ ಸುಳ್ಳು ಸೂತ್ರ ಹೇಳಿಕೊಡುವವರು ದಯವಿಟ್ಟು ನಿಲ್ಲಿಸಬೇಕು.

ಪ್ರತಿಮೆ ನಿಂತ ಮೇಲೆ ಅದರ ಅರ್ಥ ಕ್ಯಾಥರೀನಳ ಕೈಯಲ್ಲಿ ಉಳಿಯಲಿಲ್ಲ. 1825ರ ಡಿಸೆಂಬರಿನಲ್ಲಿ ಜಾರ್ ಆಳ್ವಿಕೆಯ ವಿರುದ್ಧ ದಂಗೆ ಎದ್ದ ಸೈನಿಕರು ಸಾಲುಗಟ್ಟಿದ್ದು ಇದರ ಪಕ್ಕದಲ್ಲೇ. ಪುಷ್ಕಿನ್ 1833ರಲ್ಲಿ ಬರೆದ ಕಥನಕವನದಲ್ಲಿ, 1824ರ ನೆರೆಯಲ್ಲಿ ಪ್ರೀತಿಸಿದವಳನ್ನು ಕಳೆದುಕೊಂಡ ಬಡ ಗುಮಾಸ್ತ ಈ ಸವಾರನಿಗೆ ಮುಷ್ಟಿ ತೋರುತ್ತಾನೆ, ಕುದುರೆ ಪೀಠದಿಂದಿಳಿದು ಅವನನ್ನು ಅಟ್ಟಿಸಿಕೊಂಡು ಬರುತ್ತದೆ. ಜೌಗಿನಲ್ಲಿ ಊರು ಕಟ್ಟಿದ ದೊರೆಯ ಹಟಕ್ಕೆ ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆ ಅದು. ಪ್ರತಿಮೆಗೆ ಕಂಚಿನ ಸವಾರ ಎಂಬ ಇಂದಿನ ಹೆಸರು ನಿಂತದ್ದೂ ಆ ಕವನದಿಂದ. ಕುದುರೆ ಇರುವ ತನಕ ಊರು ಶತ್ರುವಿನ ಪಾಲಾಗದು ಎಂಬ ನಂಬಿಕೆಯೂ ಬೆಳೆಯಿತು. 1941ರಿಂದ 1944ರವರೆಗೆ ಜರ್ಮನ್ ಸೇನೆ ಊರನ್ನು ಮುತ್ತಿದ್ದಾಗ ಪ್ರತಿಮೆಯನ್ನು ಕದಲಿಸದೆ ಮರಳು, ಹಲಗೆಗಳಿಂದ ಮುಚ್ಚಿಟ್ಟರು. ಅದು ಉಳಿಯಿತು, ಊರೂ ಬೀಳಲಿಲ್ಲ.

ಅದಕ್ಕೆ ಪೆಟ್ಟು ಬಂದದ್ದು ಒಳಗಿನಿಂದ. ಭಾರ ಹೊತ್ತ ಹಿಂಗಾಲುಗಳಲ್ಲಿ ಬಿರುಕು ಕಂಡು 1976ರಲ್ಲಿ ದೊಡ್ಡ ದುರಸ್ತಿ ಮಾಡಬೇಕಾಯಿತು. ಎಲ್ಲ ಕಂಚಿನ ಪ್ರತಿಮೆಗಳಿಗೂ ಕಾದಿರುವ ರೋಗ ಇದು. ಒಳಗೆ ಕಬ್ಬಿಣ, ಹೊರಗೆ ಕಂಚು, ನಡುವೆ ನೀರು ಸೇರಿದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಉಬ್ಬಿ ಕಂಚನ್ನು ಒಳಗಿನಿಂದ ಸೀಳುತ್ತದೆ. ಚಳಿ ದೇಶದಲ್ಲಿ ನೀರು ಹೆಪ್ಪುಗಟ್ಟಿ ಇದೇ ಕೆಲಸ ಮಾಡುತ್ತದೆ.

ಕುದುರೆ ಮೇಲಿನ ವೀರ ಎಂದರೆ ದುರ್ಗದವರ ಕಣ್ಣಿಗೆ ಬರುವುದು ಮದಕರಿ ನಾಯಕರು. ಊರೂರಿನ ಸರ್ಕಲ್ಲಿನಲ್ಲಿ ಇಂಥ ಪ್ರತಿಮೆ ನಿಲ್ಲಿಸುವ, ಕಾಯುವ ಸಮಿತಿಗಳವರಿಗೆ ಕೆಲವು ಮಾತು. ಪ್ರತಿಮೆ ಯಾವುದರದ್ದು ಎಂದು ಮೊದಲು ತಿಳಿದುಕೊಳ್ಳಿ. ಬೆರಳ ಗೆಣ್ಣಿನಿಂದ ಬಡಿದರೆ ಕಂಚು ಕಣಕಣ ಎನ್ನುತ್ತದೆ, ಫೈಬರ್ ಬೊದ್ದಾಗಿ ಸದ್ದು ಮಾಡುತ್ತದೆ, ಸಿಮೆಂಟ್ ಸದ್ದೇ ಮಾಡದು. ಕಂಚಿನದಾದರೆ ಹೊಟ್ಟೆಯ ಅತಿ ತಗ್ಗಿನಲ್ಲಿ ಮತ್ತು ನೆಲ ಮುಟ್ಟಿದ ಗೊರಸುಗಳ ಹತ್ತಿರ ನೀರಿಳಿಯುವ ತೂತು ಇರಬೇಕು, ಮಳೆಗಾಲಕ್ಕೆ ಮುಂಚೆ ತಂತಿ ಹಾಕಿ ಬಿಡಿಸಬೇಕು. ಗೊರಸಿನ ಸುತ್ತ ಕಂದು ನೀರಿನ ಗೆರೆ ಇಳಿದಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ ಎಂದರ್ಥ. ಅದರ ಮೇಲೆ ಬಣ್ಣ ಬಳಿದು ಮುಚ್ಚಬೇಡಿ, ಎರಕದವರನ್ನು ಕರೆಸಿ. ಹಸಿರು ಕಿಲುಬು ತೆಳ್ಳಗೆ, ಗಟ್ಟಿಯಾಗಿ, ಒಂದೇ ಸಮ ಇದ್ದರೆ ಅದು ಕಂಚಿಗೆ ರಕ್ಷಣೆ. ಮುಟ್ಟಿದರೆ ಪುಡಿಯಾಗಿ ಉದುರುವ ತಿಳಿಹಸಿರು ಚುಕ್ಕೆಗಳಿದ್ದರೆ ಅದು ಕಾಯಿಲೆ. ಜಯಂತಿಗೆ ಮುನ್ನ ಹುಣಸೆಹಣ್ಣು ಹಚ್ಚಿ ಉಜ್ಜುವುದು ದೇವರ ಮನೆಯ ತಂಬಿಗೆಗೆ ಸರಿ, ಪ್ರತಿಮೆಗೆ ಅಲ್ಲ. ಉಜ್ಜಿದಷ್ಟೂ ಮೇಲಿನ ರಕ್ಷಣೆಯ ಪದರ ಹೋಗುತ್ತದೆ. ಹಾಲಿನ ಅಭಿಷೇಕ ಮಾಡಿದರೆ ಅದೇ ದಿನ ಬರೀ ನೀರಿನಲ್ಲಿ ತೊಳೆದುಬಿಡಿ, ಹುಳಿಯಾದ ಹಾಲು ಸಂದಿಗಳಲ್ಲಿ ಕೂತು ಕಂಚು ತಿನ್ನುತ್ತದೆ. ಹೂವಿನ ಹಾರ ಕೊಳೆಯುವವರೆಗೆ ಬಿಡಬಾರದು.

ಏಣಿಯನ್ನು ಎತ್ತಿದ ಮುಂಗಾಲಿಗೆ, ಕತ್ತಿಗೆ, ಚಾಚಿದ ಕೈಗೆ ಒರಗಿಸಲೇಬೇಡಿ. ಅಲ್ಲಿನ ಲೋಹ ತೆಳು. ಇಬ್ಬರು ಹತ್ತಿ ಸೇಬಿನ ಹಾರ ಎಳೆದಾಡಿದರೆ ಆ ಭಾರವೆಲ್ಲ ಹಿಂಗಾಲಿನ ಗೆಣ್ಣಿನಲ್ಲಿ ಬಗ್ಗುವ ಒತ್ತಡವಾಗಿ ಬೀಳುತ್ತದೆ, ಬಿರುಕು ಹುಟ್ಟುವುದೂ ಅಲ್ಲೇ. ಪ್ರತಿಮೆಗೆ ತಾಗದಂತೆ ಪೀಠದ ಸುತ್ತ ಅಟ್ಟಣೆ ಕಟ್ಟಿ, ಅದರ ಮೇಲೆ ನಿಂತು ಹಾರ ಹಾಕಿ.